ಎದುರು ಕೂತು ಕಲಿತ ಅಕ್ಷರ

ಕಮತಗಿ
೨೦ ಮೇ ೨೦೨೫

ಪ್ರೀತಿಯ ಭಾಗ್ಯಾ,

ಹೇಗಿದ್ದೀ? ಬೂಟು ಕಚ್ಚಿ ಹಿಮ್ಮಡಿ ಸುಲಿದಿದೆ ಎಂದಿದ್ದೆಯಲ್ಲ, ಮಾಯಿತೇ? ಕಲಬುರಗಿಯ ಬಿಸಿಲಿನಲ್ಲಿ ಪರೇಡ್ ಮಾಡಿಸುವಾಗ ನೀರು ಕುಡಿಯಲು ಬಿಡುತ್ತಾರೋ ಇಲ್ಲವೋ, ನನಗೆ ಅದೇ ಚಿಂತೆ. ಪೊಲೀಸ್ ಆಗುವವಳಿಗೆ ನೇಕಾರ ಬುದ್ಧಿ ಹೇಳುವುದೇ ಎಂದು ನಗಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಂದರೆ, ಉಣ್ಣುತ್ತೇವೆ, ಮಲಗುತ್ತೇವೆ. ನೀನು ತರಬೇತಿಗೆ ಹೋಗಿ ಐದು ತಿಂಗಳಾದರೂ ರೊಟ್ಟಿ ಮಾತ್ರ ಮೂವರಿಗೇ ಆಗುವಷ್ಟು ಬಡಿಯುತ್ತೇನೆ. ಉಳಿದದ್ದು ಪಕ್ಕದ ಮನೆಯ ಕಾಸಿಂಬಿಯ ಆಡಿಗೆ. ಆಡು ಚೆನ್ನಾಗಿ ಮೈ ಹಿಡಿದಿದೆ. ಮನೆ ಬಿಕೋ ಎನ್ನುತ್ತದೆ.

ಭಾನುವಾರ ಫೋನಿನಲ್ಲಿ, ನಮ್ಮ ಸನ್ನಿಧಿಗೆ ಅಕ್ಷರಗಳೆಲ್ಲ ಬಂದವು, ಶಾಲೆಗೆ ಕಳಿಸುವುದೊಂದೇ ಬಾಕಿ ಎಂದು ಜಂಬ ಕೊಚ್ಚಿಕೊಂಡೆನಲ್ಲ, ಅದರ ಮಾತು ಹೇಳಬೇಕು. ಫೋನಿನಲ್ಲಿ ಹೇಳಲು ನಾಚಿಕೆಯಾಗಿ ಬರೆಯುತ್ತಿದ್ದೇನೆ. ಹೊರಡುವಾಗ ನೀನು "ಸಾಲಿ ಶುರು ಆಗೂದ್ರಾಗ ಕೂಸಿಗೆ ನಾಕ ಅಕ್ಷರ ಬರಬೇಕ್ರಿ, ಅದೊಂದ ನಿಮ್ಮ ಮ್ಯಾಲ" ಎಂದಿದ್ದೆ. ದಿನ ತಪ್ಪದೆ ಕಲಿಸಿದೆ. ಆದರೆ ಮಗ್ಗ ಬಿಟ್ಟು ಏಳುವ ಹಾಗಿಲ್ಲ. ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಲ್ಲಿಂದಲೇ, ಬಲಗಡೆ ನೆಲದ ಮೇಲಿಟ್ಟ ಪಾಟಿಗೆ ಕೈ ಚಾಚಿ ಬರೆಯುತ್ತಿದ್ದೆ. ಅವಳು ಪಾಟಿಯ ಆಚೆ ಬದಿ ನನಗೆ ಮುಖ ಮಾಡಿ ಕೂತು, ನೋಡಿ ನೋಡಿ ತಿದ್ದುತ್ತಿದ್ದಳು. ಎಷ್ಟು ದುಂಡಗೆ! ನಾನು ಲಾಳಿ ಎಸೆಯುತ್ತಾ "ಶಾಬಾಸ್ ಮಗಳ" ಎನ್ನುತ್ತಿದ್ದೆ.

ನಿನ್ನೆ ಹೆಸರು ಹಚ್ಚಲು ಶಾಲೆಗೆ ಹೋದೆವು. ಅಂಗನವಾಡಿಯ ಗುರುಲಿಂಗವ್ವ ಟೀಚರೂ ಅಲ್ಲಿದ್ದರು. ಪಾಟಿ ಕೊಟ್ಟು ಬರಿ ಎಂದರೆ ಸನ್ನಿಧಿ ಅಷ್ಟೂ ಅಕ್ಷರಗಳನ್ನು ತಲೆಕೆಳಗಾಗಿ ಬರೆದಳು. ತನ್ನ ಕಡೆಯಿಂದ ಕಂಡದ್ದನ್ನೇ ಪಾಪ ಕಲಿತಿದ್ದಾಳೆ. ಎದುರು ಕೂತ ನನಗೆ ಅವು ನೆಟ್ಟಗೇ ಕಾಣುತ್ತಿದ್ದುದರಿಂದ ತಿಳಿಯಲೇ ಇಲ್ಲ. ಬಂದಿದ್ದ ಮಕ್ಕಳೆಲ್ಲ ನಕ್ಕರು. ಟೀಚರು ಬೈಯಲಿಲ್ಲ. "ಕೂಸನ್ನ ತೊಡಿ ಮ್ಯಾಲ ಕುಂಡ್ರಿಸಿಕೊಂಡ ಕಲಸಬೇಕಪಾ ದುಂಡೇಶ" ಎಂದರು, ಅಷ್ಟೇ. ತೊಡೆಯ ಮೇಲೆ ಕೂರಿಸಿಕೊಳ್ಳುವವಳು ನೀನು.

ಆಗಿನಿಂದ ಅವಳು ಬಳಪ ಮುಟ್ಟಿಲ್ಲ. "ಅವ್ವ ಬಂದ್ರನ ಸಾಲಿಗೆ ಹೋಗ್ತೇನಿ" ಎಂದು ಹಟ ಹಿಡಿದು ಕೂತಿದ್ದಾಳೆ. ಇಪ್ಪತ್ತೊಂಬತ್ತಕ್ಕೆ ಶಾಲೆ ಶುರು. ಅಪ್ಪನೂ ಅವ್ವನೂ ನಾನೇ ಆಗುತ್ತೇನೆಂದು ನಿನ್ನನ್ನು ಕಳಿಸಿದೆ, ಆಗಲಿಲ್ಲ ಭಾಗ್ಯಾ. ಹೇಗೆ ತಿದ್ದುವುದೋ ತಿಳಿಯದು. ರಜೆ ಕೇಳು ಎನ್ನಲು ನನಗೆ ಬಾಯಿಲ್ಲ.

ಬನಶಂಕರಿ ತಾಯಿ ನಿನ್ನ ಕಾಲಿಗೆ ಬಲ ಕೊಡಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ದುಂಡೇಶ

ತಾ.ಕ.: ಲಕೋಟೆ ಅಂಟಿಸುವಾಗ ಸನ್ನಿಧಿ ಬಂದು, ನನ್ನೆದುರೇ ಕೂತು ಒಂದು ಚೀಟಿ ಬರೆದುಕೊಟ್ಟಳು. ಒಳಗಿಟ್ಟಿದ್ದೇನೆ. "ಅವ್ವಾ ಬಾ" ಎಂದಿದೆ. ಅವಳ ಕೈಯಲ್ಲಿದ್ದಾಗ ಅದು ತಲೆಕೆಳಗು, ಎದುರು ಕೂತವರಿಗಷ್ಟೇ ನೆಟ್ಟಗೆ. ಎರಡೇ ದಿನದ ಮಟ್ಟಿಗೆ ಬಂದು ಅವಳೆದುರು ಕೂತು ಓದು.