ಕೂದಲಿನ ಮಾತ್ರೆ

ಮಾರ್ಚ್ 4
ಬೆಳಗಿನ ಸ್ಯಾಂಪಲ್ ಎಲ್ಲ ಮುಗಿಯಿತು. ಅಣ್ಣನದ್ದೂ. ಅತ್ತಿಗೆ ಎಳೆದುಕೊಂಡು ಬಂದಿದ್ದು — ರಾತ್ರಿಯೆಲ್ಲ ಬಾತ್‌ರೂಮಿಗೆ ಏಳುತ್ತಾನಂತೆ. ಲ್ಯಾಬಿಗೆ ಬಂದ ಎಲ್ಲರನ್ನೂ ಕೇಳುವ ಹಾಗೆ ಅವನನ್ನೂ ಕೇಳಿದೆ, ಏನಾದರೂ ಮಾತ್ರೆ ತಗೋತೀಯಾ? ಅತ್ತಿಗೆಯ ಕಡೆ ನೋಡಿದ. "ನಂಗ್ಯಾಕೆ ಮಾತ್ರೆ? ಗುಂಡುಕಲ್ಲಿನ ಹಾಗಿದ್ದೀನಿ."
ಪಿಎಸ್‌ಎ 3.1. ಪ್ರಾಸ್ಟೇಟ್ ಗ್ರಂಥಿಯ ಕಿಣ್ವ. ಕ್ಯಾನ್ಸರ್ ಇದ್ದರೆ ರಕ್ತದಲ್ಲಿ ಏರುತ್ತದೆ. ನಾಲ್ಕರೊಳಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.
"ಪಾಸಾ?" ಅಂದ. ಡ್ರೈವಿಂಗ್ ಕಲಿಸುವವನು. ಅವನಿಗೆ ಎಲ್ಲವೂ ಪಾಸು, ಇಲ್ಲವೇ ಫೇಲು.
"ಪಾಸು. ನಡಿ ಮನೆಗೆ."

ನವೆಂಬರ್ 19
ಅಣ್ಣನಿಗೆ ಸೊಂಟನೋವು. ಕಾರಿನ ಸೀಟು ಸರಿಯಿಲ್ಲ ಅಂತ ದಿಂಬು ಬದಲಿಸುತ್ತಲೇ ಇದ್ದ. ಪಿಎಸ್‌ಎ 24. ಮೂಳೆಯ ಕಿಣ್ವವೂ ಹೆಚ್ಚು. ಸ್ಯಾಂಪಲನ್ನು ಮೆಷಿನ್ನಿನಲ್ಲಿ ಇನ್ನೊಮ್ಮೆ ಓಡಿಸಿದೆ. ಅದೇ.
ಟೀ ಆರಿಹೋಗಿತ್ತು. ಹಾಗೇ ಕುಡಿದೆ.

ನವೆಂಬರ್ 27
ಕ್ಯಾನ್ಸರ್. ಮೂಳೆಗೂ ಹೋಗಿದೆ. ಏನೇನು ಮಾತ್ರೆ ತಗೋತೀರಿ ಅಂತ ಡಾಕ್ಟರು ಕೇಳಿದರು. ಅತ್ತಿಗೆ ಬ್ಯಾಗಿನಿಂದ ಮಾತ್ರೆಯ ಒಂದು ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟಳು. ಕಾರಿನ ಸೀಟಿನ ಕೆಳಗೆ ಸಿಕ್ಕಿದ್ದಂತೆ. ಕೂದಲು ಉದುರದ ಹಾಗೆ. ವರ್ಷಗಳಿಂದ ಕದ್ದು ನುಂಗುತ್ತಿದ್ದ.
ಅಣ್ಣ: "ಅದು ಕೂದಲಿಗೆ ಅಲ್ವಾ? ಅದೂ ಮಾತ್ರೆ ಲೆಕ್ಕನಾ?"
ಆ ಮಾತ್ರೆ ಒಂದು ಕಿಣ್ವವನ್ನು ತಡೆಯುತ್ತದೆ, ಪಿಎಸ್‌ಎ ಅರ್ಧಕ್ಕಿಳಿಯುತ್ತದೆ. ಬಂದ ಅಂಕಿಯನ್ನು ಎರಡರಿಂದ ಗುಣಿಸಬೇಕು. ಅಂದರೆ ಮಾರ್ಚಿನಲ್ಲೇ ಆರು ದಾಟಿತ್ತು. ಅಂದೇ ಗೊತ್ತಾಗಿದ್ದರೆ...
ಅತ್ತಿಗೆ: "ನಿಮ್ಮ ತಲೆ ಬೋಳಾಗಿದ್ರೆ ನಾನೇನು ಬಿಟ್ಟು ಓಡಿಹೋಗ್ತಿದ್ನಾ?"
ನನಗೆ ಸಿಟ್ಟು ಬರಬೇಕಿತ್ತು. ಅಳುವಾದರೂ. ಏನೂ ಬರಲಿಲ್ಲ.

ಡಿಸೆಂಬರ್ 6
ಇಂಜೆಕ್ಷನ್ ಜೊತೆ ಹೊಸ ಮಾತ್ರೆ. ಇದೂ ಒಂದು ಕಿಣ್ವವನ್ನೇ ಕಟ್ಟಿಹಾಕುತ್ತದೆ — ಗಂಡಸಿನ ಹಾರ್ಮೋನು ತಯಾರಾಗದ ಹಾಗೆ. ಹಾರ್ಮೋನು ಸಿಗದಿದ್ದರೆ ಗಡ್ಡೆ ಸೊರಗುತ್ತದೆ. ಅಣ್ಣನಿಗೆ ಬಿಡಿಸಿ ಹೇಳಿದೆ.
"ಕೂದಲು?"
"ಉಳಿಯುತ್ತೆ."
"ಸದ್ಯ!"
ಅತ್ತಿಗೆ ನಕ್ಕೇಬಿಟ್ಟಳು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಾನು ಪಾತ್ರೆ ಒರೆಸಿಟ್ಟೆ.

ಮಾರ್ಚ್ 11
ಇಳಿಯಬೇಕಿತ್ತು. ಪಿಎಸ್‌ಎ 64. ಎರಡು ಸಲ ಓಡಿಸಿದೆ. ಕೂದಲಿನ ಮಾತ್ರೆ ಬಿಟ್ಟು ತಿಂಗಳುಗಳಾದವು, ಈಗ ಗುಣಿಸುವ ಗೊಡವೆಯೂ ಇಲ್ಲ. ಗಡ್ಡೆ ಹೊಸ ಮಾತ್ರೆಗೆ ಬಗ್ಗುತ್ತಿಲ್ಲ, ಅಷ್ಟೇ.
ಹೊರಗೆ ಹೋದೆ. ಅಣ್ಣ ಬೆಂಚಿನ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದ. ದಟ್ಟ ಕೂದಲು, ಒಂದೂ ಉದುರಿಲ್ಲ. ನನ್ನನ್ನು ನೋಡಿ ಬಾಚಣಿಗೆ ಜೇಬಿಗಿಟ್ಟು ಎದ್ದು ನಿಂತ.
"ಪಾಸಾ?"
"ನಡಿ, ಡಾಕ್ಟರ ಹತ್ರ."