ಬಾಟಲಿಯೊಳಗಿನ ಚೀಟಿ

ಹೊಸಕೆರೆಹಳ್ಳಿ, ಬೆಂಗಳೂರು
14 ಆಗಸ್ಟ್ 2024

ಲಿಖಿತಾಳ ಅಪ್ಪನವರಿಗೆ ಶರಣು.

ಮಂಡಿನೋವು ಹೇಗಿದೆ? ಕೊಡಚಾದ್ರಿಯ ಜಿಗಣೆಗಳು ಅರವತ್ತಾರು ವರ್ಷದ ಪ್ರೊಫೆಸರ್ ಎಂದು ಮರ್ಯಾದೆ ಕೊಡುವುದಿಲ್ಲ, ಕಾಲುಚೀಲ ಹಾಕಿಕೊಳ್ಳಿ. ಅಲ್ಲಿ ಫೋನ್ ಸಿಗುವುದಿಲ್ಲವಲ್ಲ, ನಿಮ್ಮ ಶಿಷ್ಯ ಶ್ರೀಕರ್ ಕೈಯಲ್ಲಿ ಈ ಕಾಗದ ಮತ್ತು ಚಟ್ನಿಪುಡಿ ಕಳಿಸುತ್ತಿದ್ದೇನೆ.

ನಿಮ್ಮ ಪುಸ್ತಕ ನಿನ್ನೆ ಅಚ್ಚಾಗಿ ಬಂತು. ಜೇಡದ ದಾಯಾದಿಗಳಾದ ನಿಮ್ಮ ಉದ್ದಕಾಲಿನ ಹುಳಗಳ ಕುಟುಂಬ, ಅದರ ವರ್ಗೀಕರಣ, ಯಾವ ಬೆಟ್ಟದಲ್ಲಿ ಯಾವ ಜಾತಿ ಎಂಬ ನಕ್ಷೆ, ಎಲ್ಲ ಚೆನ್ನಾಗಿದೆ. ಕೃತಜ್ಞತೆಯ ಪುಟದಲ್ಲಿ ಜೀಪಿನ ಡ್ರೈವರ್ ಇದ್ದಾನೆ, ಕಾಡಿನಲ್ಲಿ ಟೀ ಕೊಟ್ಟವನೂ ಇದ್ದಾನೆ. ನನ್ನ ಹೆಸರನ್ನು ಎರಡು ಸಲ ಹುಡುಕಿದೆ. ಇಪ್ಪತ್ತಾರು ವರ್ಷ ನಿಮ್ಮ ಬಾಟಲಿಗಳಿಗೆ ಚೀಟಿ ಬರೆದವಳು ನಾನು. ಪಾದದಲ್ಲಿ ಐದು ಗಂಟಿದ್ದರೆ ಒಂದು ಗುಂಪು, ಆರಿದ್ದರೆ ಇನ್ನೊಂದು. ನಿಮ್ಮ ಕಣ್ಣು ಮಂಜಾದ ಮೇಲೆ ಭೂತಗನ್ನಡಿ ಹಿಡಿದು ಎಣಿಸಿದವಳೂ ನಾನೇ. ಜೇಡಕ್ಕೆ ಸೊಂಟವಿದೆ ಇದಕ್ಕಿಲ್ಲ, ಇದು ಬಲೆ ನೇಯುವುದಿಲ್ಲ ಎಂದು ಬೀದಿಯ ಹೆಂಗಸರಿಗೆ ಪಾಠ ಹೇಳಿ ನಗಿಸಿಕೊಂಡಿದ್ದೇನೆ.

ಮುಖಪುಟದಲ್ಲಿ ಹಾಕಿರುವ ನಿಮ್ಮ ಹೊಸ ಜಾತಿ, ಆ ಕೆಂಪು ಬೆನ್ನಿನದು, ಎಲ್ಲಿ ಸಿಕ್ಕಿತ್ತು ಎಂದು ನೆನಪಿದೆಯೇ? ಮೂರು ವರ್ಷದ ಹಿಂದೆ ಅದನ್ನು ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಹಿಡಿದು, ಬಾಟಲಿಗೆ ಹಾಕಿ, ‘ಹೊಸಕೆರೆಹಳ್ಳಿ’ ಎಂದು ದುಂಡಗೆ ಬರೆದಿದ್ದೆ. ನೀವು ಆ ಚೀಟಿ ಹರಿದು ಹಾಕಿದಿರಿ. “ಇದು ಘಟ್ಟದ ಹುಳ ಕಣೇ, ಇಲ್ಲಿಗೆಲ್ಲಿಂದ ಬರತ್ತೆ? ನೀನು ಬಾಟ್ಲಿ ಅದಲುಬದಲು ಮಾಡಿದ್ದೀಯ” ಎಂದಿರಿ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಿತ್ತಲ ಹುಳವೂ ಅಷ್ಟೇ, ಹೆಂಡತಿಯೂ ಅಷ್ಟೇ. ‘ಕೊಡಚಾದ್ರಿ’ ಎಂದು ಬರೆಸಿದಿರಿ, ಬರೆದೆ. ಬರೆದುಕೊಟ್ಟೆನಲ್ಲ ಎಂದು ನನ್ನ ಮೇಲೇ ನನಗೆ ಸಿಟ್ಟಿದೆ. ಅಂಥದೇ ಇನ್ನೊಂದು ಹುಳ ಸಿಗದೆ ಬೇರೆ ಪಂಡಿತರು ಒಪ್ಪುವುದಿಲ್ಲವೆಂದು ಮೂರು ಮಳೆಗಾಲ ಆ ಬೆಟ್ಟ ಹತ್ತಿ ಇಳಿಯುತ್ತಿದ್ದೀರಿ. ನಾನೂ ಪ್ರತಿ ಸಲ ಚೀಲ ತುಂಬಿ ಕಳಿಸಿದ್ದೇನೆ.

ಲಿಖಿತಾ ಚೆನ್ನಾಗಿದ್ದಾಳೆ, ನಿಮ್ಮನ್ನು ಕೇಳಿದಳು. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಶಿವ ನಿಮ್ಮನ್ನು ಕಾಯಲಿ.

ಇಂತಿ,
ನೀಲಗಂಗಾ

ತಾ.ಕ.: ಶ್ರೀಕರ್ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಹೊರಡುವಾಗ ಹಿತ್ತಲಿಗೆ ಸಿಮೆಂಟ್ ಹಾಕಿಸು ಎಂದಿದ್ದಿರಿ. ಮೊನ್ನೆ ಗಾರೆ ಕೆಲಸದ ಸಂಜೀವಯ್ಯ ಆ ಬಟ್ಟೆ ಒಗೆಯುವ ಕಲ್ಲು ಎತ್ತಿದಾಗ ಅಡಿಯಲ್ಲಿ ಕೆಂಪು ಬೆನ್ನಿನವು ಏಳೆಂಟು ಇದ್ದವು. ನಿಮ್ಮ ಮಾತನ್ನು ನಾನು ಯಾವತ್ತು ಮೀರಿದ್ದೇನೆ? ಅಂಗೈಯಗಲ ಮಣ್ಣು ಬಿಡದೆ ಸಿಮೆಂಟ್ ಹಾಕಿಸಿದೆ. ಒಂದನ್ನು ಮಾತ್ರ ಹಿಡಿದು ಬಾಟಲಿಗೆ ಹಾಕಿಟ್ಟಿದ್ದೇನೆ. ಚೀಟಿ ಇನ್ನೂ ಬರೆದಿಲ್ಲ. ಊರು ಯಾವುದೆಂದು ಬರೆಯಲಿ?