ಗೊಂಬೆಯ ದವಡೆ

ಭಾನುವಾರ, ಮಾರ್ಚ್ ೯

ಪ್ರೀತಿಯ ಗಂಟಲಣ್ಣಾ,

ನಮಸ್ಕಾರ. ಬರೆಯುವುದು ತಡವಾಯಿತು, ಮನ್ನಿಸು. ನನ್ನ ಅಭ್ಯಾಸ ನಿನಗೆ ಗೊತ್ತು. ಮೊದಲು ಸಂಗತಿಗಳನ್ನು ಸಾಲಾಗಿ ಇಡುತ್ತೇನೆ.

೧. ಕಳೆದ ತಿಂಗಳು ಮಾಜಿ ಮಂತ್ರಿಗಳು ತೀರಿಕೊಂಡರು. ಪತ್ರಿಕೆಯಲ್ಲಿ ನೋಡಿರುತ್ತೀಯೆ.

೨. ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಟೀವಿಯಲ್ಲಿ ನೀನು ಮಾತಾಡಿಸಿದ, ನಾನು ಆಡಿಸಿದ ಅವರ ರಬ್ಬರ್ ಗೊಂಬೆ ಇನ್ನೂ ನನ್ನ ವರ್ಕ್‌ಶಾಪಿನ ಕಪಾಟಿನ ಮೇಲಿದೆ. ಎಡಗಿವಿ ಉದುರಿದೆ. ದವಡೆಯ ಸ್ಪ್ರಿಂಗು ಹೋಗಿದೆ.

೩. ಸ್ಮರಣೆಯ ಕಾರ್ಯಕ್ರಮದಲ್ಲಿ ಆ ಗೊಂಬೆಯನ್ನು ಮತ್ತೆ ಮಾತಾಡಿಸಬೇಕೆಂದು ಚಾನೆಲ್ಲಿನವರು ಹೊರಟಿದ್ದಾರೆ. ಹಳೆಯ ಟೇಪುಗಳಿಂದ ನಿನ್ನ ಧ್ವನಿಯನ್ನು ಕಂಪ್ಯೂಟರಿನಲ್ಲಿ ತಯಾರಿಸಿಕೊಂಡಿದ್ದಾರೆ. ಟೇಪು ಅವರದಾದ್ದರಿಂದ ನಿನ್ನ ಒಪ್ಪಿಗೆ ಬೇಕಿಲ್ಲವಂತೆ. ಗೊಂಬೆ ನನ್ನದು, ಆದ್ದರಿಂದ ನನ್ನನ್ನು ಕೇಳಿದ್ದಾರೆ.

ನಾಲ್ಕನೆಯದೂ ಒಂದಿದೆ. ಅದನ್ನು ಕೊನೆಗೆ ಬರೆಯುತ್ತೇನೆ.

ನಾನು ಆರೋಗ್ಯವಾಗಿದ್ದೇನೆ. ಈಗಲೂ ದಂತವೈದ್ಯರ ಕುರ್ಚಿಗಳನ್ನೇ ರಿಪೇರಿ ಮಾಡುತ್ತೇನೆ. “ಅಲ್ಲೂ ದವಡೆ ನಿನ್ನ ಬೆನ್ನು ಬಿಡ್ಲಿಲ್ವಲ್ಲೋ” ಎಂದು ನೀನು ನಕ್ಕಿದ್ದು ನೆನಪಿದೆ. ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲೇ ವಾಸ. ಊಟಕ್ಕೆ ಕುಳಿತಾಗ ರೇಡಿಯೋ ಹಾಕಿಕೊಳ್ಳುತ್ತೇನೆ, ಮನೆಯಲ್ಲಿ ಮಾತು ಅಂತ ಒಂದು ಇರಲಿ ಎಂದು.

ಗುರುವಾರ ಚಾನೆಲ್ಲಿನ ಹುಡುಗಿಯೊಬ್ಬಳು ಬಂದಿದ್ದಳು. ನಮ್ಮ ಕಾರ್ಯಕ್ರಮ ನಿಂತಾಗ ಆಕೆ ತೊಟ್ಟಿಲಲ್ಲಿದ್ದಳೇನೋ. ಆದರೂ ಗೊಂಬೆಯನ್ನು ಕಂಡ ಕೂಡಲೇ, “ಕನ್ನಡಕ ಇರ್ಲಿಲ್ಲ ಕಣ್ರಯ್ಯಾ! ಕಾಣದೇ ಹಾಕಿದ ಸಹಿ, ಅದೂ ಒಂದು ಸಹೀನಾ?” ಎಂದಳು, ಕೊನೆಯನ್ನು ನೀನು ಎಳೆಯುತ್ತಿದ್ದ ಹಾಗೆಯೇ ಎಳೆದು.

“ತನಿಖೇಲಿ ಹೀಗೇ ಹೇಳಿದ್ರಂತಲ್ಲ ಸಾರ್, ಮಂತ್ರಿಗಳು!”

“ಅವರು ಹೇಳಿಲ್ಲಮ್ಮ. ಗೊಂಬೆ ಹೇಳಿದ್ದು.”

“ಅಯ್ಯೋ, ಎಲ್ಲಾ ಪೇಪರಲ್ಲೂ ಅವರ ಮಾತು ಅಂತಾನೇ ಹಾಕಿದಾರೆ!”

ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ ವಿವರಿಸಿದೆ. ಓಡದ ಬಸ್ಸುಗಳ ಖರೀದಿಗೆ ಸಹಿ ಹಾಕಿದ ಹಗರಣದ ತನಿಖೆಯಲ್ಲಿ ಮಂತ್ರಿಗಳು ನಿಜವಾಗಿ ಆಡಿದ್ದು, “ಕಡತ ನೋಡಿ ಉತ್ತರಿಸುತ್ತೇನೆ” ಎಂಬ ಸಪ್ಪೆ ಮಾತು. ಆ ವಾರ ನೇರ ಪ್ರಸಾರದಲ್ಲಿ ಗೊಂಬೆಯ ಕನ್ನಡಕ ಕಳಚಿ ಬಿತ್ತು. ಮೇಜಿನಡಿ ತಂತಿ ಹಿಡಿದು ಕುಳಿತಿದ್ದ ನಾನು ಬೆವೆತುಹೋದೆ. ಪಕ್ಕದಲ್ಲಿ ಮೈಕಿನೆದುರು ಕುಳಿತಿದ್ದ ನೀನು ಅಲ್ಲೇ ಆ ಮಾತನ್ನು ಹುಟ್ಟಿಸಿದೆ. ಮರುದಿನ ಕ್ಷೌರದಂಗಡಿಯಿಂದ ಶಾಸನಸಭೆಯವರೆಗೆ ಅದೇ ಮಾತು. ತಿಂಗಳೊಳಗೆ ಅವರ ಕುರ್ಚಿ ಹೋಯಿತು. ಹಿಂದೆಯೇ ನಮ್ಮ ಕಾರ್ಯಕ್ರಮವೂ.

ಹುಡುಗಿ ತನ್ನ ಫೋನಿನಲ್ಲಿ ಆ ಹೊಸ ಧ್ವನಿಯನ್ನು ಕೇಳಿಸಿದಳು. ಗಂಟಲಣ್ಣಾ, ಅದು ನೀನೇ. ನನ್ನ ಕೈ ತಾನಾಗಿಯೇ ತಂತಿಯ ಕಡೆಗೆ ಹೋಯಿತು. ದವಡೆಗೊಂದು ರಬ್ಬರ್ ಬ್ಯಾಂಡು ಬಿಗಿದು ಎಳೆದು ನೋಡಿದೆ. ಬಾಯಿ ಮಾತಿಗೆ ಕೂಡಲಿಲ್ಲ, ಪ್ರತಿ ಸಲವೂ ತಡವಾಯಿತು. ಮಾತಿಗೆ ಮೊದಲು ನೀನು ಮೂಗಿನಲ್ಲಿ ಚಿಕ್ಕದೊಂದು ಉಸಿರೆಳೆಯುತ್ತಿದ್ದೆ. ನಾನು ದವಡೆ ಎಳೆಯುತ್ತಿದ್ದದ್ದು ಆ ಉಸಿರಿಗೆ, ಮಾತಿಗಲ್ಲ. ಇದರಲ್ಲಿ ಅದಿಲ್ಲ.

“ಉಸಿರೆಲ್ಲಾ ತೆಗ್ದಿದೀವಿ ಸಾರ್. ಗಲೀಜಾಗಿ ಕೇಳ್ಸುತ್ತೆ ಅಂತ ಕ್ಲೀನ್ ಮಾಡಿದ್ವಿ.”

ಕಣ್ಣು, ಕೈ, ಕಿವಿ ಸರಿಮಾಡಿಕೊಡಬಲ್ಲೆ. ದವಡೆಯ ವಿಷಯ ನಿನ್ನನ್ನು ಕೇಳದೆ ಹೇಳಲಾರೆ ಎಂದೆ.

“ಬಾಯೇ ಬಿಡದ ಮಂತ್ರಿನ ಯಾರ್ ನೋಡ್ತಾರೆ ಸಾರ್?” ಎಂದು ನಕ್ಕಳು. ಒಳ್ಳೆಯ ಹುಡುಗಿ. ಬುಧವಾರದವರೆಗೆ ಕಾಯುತ್ತಾಳೆ.

ಆಕೆ ಹೋದ ಮೇಲೆ ಅತ್ತಿಗೆಯವರು ತೀರಿಕೊಂಡ ದಿನ ನೆನಪಾಯಿತು. ಗೇಟಿನ ಹತ್ತಿರ ಯಾರೋ ಒಬ್ಬ ನಿನ್ನ ಕೈ ಹಿಡಿದು, “ದುಃಖದ ಹೊತ್ತು, ಗೊತ್ತು ಸಾರ್. ಆದ್ರೂ ಒಂದೇ ಒಂದ್ಸಲ, ಕನ್ನಡಕದ್ದು” ಎಂದ. ಅವನನ್ನು ಹಿಡಿದು ಆಚೆ ತಳ್ಳಬೇಕೆಂದು ನಾನು ಮುಂದೆ ಬರುವಷ್ಟರಲ್ಲಿ ನೀನು ಹೇಳಿಬಿಟ್ಟಿದ್ದೆ, ಆ ಧ್ವನಿಯಲ್ಲಿ, ಪೂರ್ತಿಯಾಗಿ. ಅವನು ಸಂತೋಷದಿಂದ ಹೋದ. ಆಮೇಲೆ ನೀನು ನನಗೆ ಹೇಳಿದೆ: “ನನ್ ಹತ್ರ ಯಾರೂ ಮಾತಾಡಲ್ಲ ಕಣೋ ಸ್ಪ್ಯಾನರ್. ಎಲ್ರೂ ಆ ಗೊಂಬೆ ಹತ್ರಾನೇ ಮಾತಾಡ್ತಾರೆ.”

ನಿನ್ನ ಸ್ವಂತ ಧ್ವನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಅದು. ಎರಡು ವರ್ಷವಾಯಿತು. ಅಂದು ನಿನ್ನ ಹೆಗಲ ಮೇಲೆ ಕೈಯಿಟ್ಟೆನೋ ಇಲ್ಲವೋ, ಈಗ ಖಚಿತವಿಲ್ಲ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ತಿಳಿಸು. ಚಳಿಗಾಳಿಗೆ ಹೋಗಬೇಡ, ಗಂಟಲು ಜೋಪಾನ.

ನಿನ್ನ,
ಸ್ಪ್ಯಾನರ್

ಮರೆತ ಮಾತು: ಮರೆತದ್ದೇನಲ್ಲ, ನಾಲ್ಕನೆಯ ಸಂಗತಿ. ಈ ಎರಡು ವರ್ಷವೂ ಭಾನುವಾರಗಳಲ್ಲಿ ನಿನಗೆ ಫೋನು ಮಾಡುತ್ತಿದ್ದೇನೆ. ಪ್ರತಿ ಸಲವೂ ನಿನ್ನ ಅಳಿಯ ತೆಗೆದುಕೊಂಡು, “ಮಾವ ಮನೇಲಿಲ್ಲ, ವಾಕಿಂಗ್ ಹೋಗಿದಾರೆ” ಎನ್ನುತ್ತಾನೆ. ಬಹಳ ವಿನಯದ ಹುಡುಗ, ಎಳೆಯ ಧ್ವನಿ. ಇಂದು ಬೆಳಿಗ್ಗೆಯೂ ಹಾಗೇ ಹೇಳಿದ. ಆದರೆ ಗುರುವಾರದಿಂದ ನನ್ನ ಕಿವಿ ಆ ಉಸಿರನ್ನೇ ಹುಡುಕುತ್ತಿತ್ತು. ‘ಮಾವ’ ಎನ್ನುವುದಕ್ಕೆ ಮೊದಲು ಅದು ಕೇಳಿಸಿತು. ಫೋನು ಹಿಡಿದಿದ್ದ ನನ್ನ ಬೆರಳು ತಂತಿ ಎಳೆಯುವಂತೆ ಮಡಚಿಕೊಂಡಿತು.

ನಿನ್ನ ಮೇಲೆ ನನಗೆ ಬೇಸರವಿಲ್ಲ. ಅಳಿಯನ ಧ್ವನಿ ಚೆನ್ನಾಗಿ ಬಂದಿದೆ.

ನಾನು ತೀರ್ಮಾನಿಸಿದ್ದು ಇಷ್ಟು. ದವಡೆಯನ್ನು ರಿಪೇರಿ ಮಾಡುವುದಿಲ್ಲ. ಬುಧವಾರ ಚಾನೆಲ್ಲಿಗೆ ಹಾಗೆಯೇ ತಿಳಿಸುತ್ತೇನೆ. ಮುಂದಿನ ಭಾನುವಾರವೂ ಫೋನು ಮಾಡುತ್ತೇನೆ. ನೀನು ಮನೆಯಲ್ಲಿ ಇಲ್ಲದಿದ್ದರೆ ನಿನ್ನ ಅಳಿಯನ ಜೊತೆಯೇ ಮಾತಾಡುತ್ತೇನೆ.